ಹೆಸರುಮನೆಯ ಏಳು ಗುಟ್ಟು

ಬಾಗಲಕೋಟೆಯ ಹೆಸರುಮನೆಯಲ್ಲಿ ಒಬ್ಬರು ಮಾತ್ರ ನಿಲ್ಲಬಹುದಾದಷ್ಟು ಪುಟ್ಟ ಗಾಜಿನ ಕೋಣೆಯೊಂದಿದೆ. ಒಳಗೆ ನಿಂತವರು ಹೊರಗಿನವರಿಗೆ ಕಾಣುತ್ತಾರೆ, ಅವರ ಮಾತು ಮಾತ್ರ ಕೇಳುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಗುಳೇದಗುಡ್ಡದ ಕಸ್ತೂರೆವ್ವ ಈ ಕೋಣೆ ಹೊಕ್ಕು, ಬಾಗಿಲು ಎಳೆದುಕೊಂಡು, ತುಟಿ ಕಾಣದಂತೆ ಸೆರಗು ಅಡ್ಡ ಹಿಡಿದು ಒಂದು ಸಾಲು ಹೇಳುತ್ತಾಳೆ. ಗೋಡೆಯ ಯಂತ್ರ ಕೇಳಿಸಿಕೊಂಡು ಹಸಿರು ದೀಪ ಹೊತ್ತಿಸುತ್ತದೆ. ಅಷ್ಟೇ ಕೆಲಸ. ಅಷ್ಟಕ್ಕಾಗಿ ಅವಳು ಮುಂಜಾನೆ ಎದ್ದು ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆ ಉಟ್ಟು ಬಸ್ಸು ಹತ್ತುತ್ತಾಳೆ. ಸರ್ಕಾರದ ಕೆಲಸಕ್ಕೆ ಇಷ್ಟೊಂದು ಸಡಗರ ಯಾಕೆ ಎಂದು ಓಣಿಯವರು ನಗುತ್ತಾರೆ. ನಗಲಿ ಬಿಡಿ. ಆ ಸಾಲಿನಲ್ಲಿ ಅವಳ ಗಂಡನ ಹೆಸರಿದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವ ಜಾಗ ಈ ಭೂಮಿಯ ಮೇಲೆ ಅದೊಂದೇ.

ಹೆಸರುಮನೆ ಯಾಕೆ ಬಂತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಸಿಗುವುದಿಲ್ಲ. ಕಂಪ್ಯೂಟರಿಗೆ ಹೆಸರು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ನಾವು ಫೋನಿನಲ್ಲಿ ‘ಜಿಲ್ಲಾ ಆಸ್ಪತ್ರೆ’ ಎಂದರೆ, ಎಲ್ಲೋ ಇರುವ ಹೆಸರಿನ ಪುಸ್ತಕವೊಂದು ಆ ಹೆಸರಿನ ಮುಂದಿರುವ ಅಂಕಿಯನ್ನು ತೆಗೆದುಕೊಡಬೇಕು. ಆಮೇಲೆ ಆ ಅಂಕಿಯ ಮನೆಗೆ ದಾರಿ ಹುಡುಕಬೇಕು. ದಾರಿಯ ಕಥೆ ಇನ್ನೂ ತಮಾಷೆಯದು. ಇಡೀ ಜಗತ್ತಿನ ನಕ್ಷೆ ಯಾರ ಹತ್ತಿರವೂ ಇಲ್ಲ. ಒಂದೊಂದು ಜಾಲವೂ ತನ್ನ ನೆರೆಯ ಜಾಲಕ್ಕೆ ‘ಆ ಅಂಕಿಯ ಮನೆಗೆ ನನ್ನ ಕಡೆಯಿಂದ ಹೋಗಬಹುದು’ ಎಂದು ಕೂಗಿ ಹೇಳುತ್ತದೆ. ನೆರೆಯದು ಅದನ್ನು ನಂಬಿ ಮುಂದಿನದಕ್ಕೆ ಹೇಳುತ್ತದೆ. ಹೀಗೆ ಬಾಯಿಂದ ಬಾಯಿಗೆ ದಾರಿ ಆಗುತ್ತದೆ. ಸುಳ್ಳು ಹೇಳುವ ಒಬ್ಬ ನಡುವೆ ಸೇರಿಕೊಂಡರೆ ದಾರಿ ಅವನ ಮನೆಗೆ ತಿರುಗುತ್ತದೆ.

ಅದಕ್ಕೇ ಪುಸ್ತಕಕ್ಕೆ ಗಣಿತದ ಮುದ್ರೆ ಹಾಕಿಡುತ್ತಿದ್ದರು. ದಾರಿ ತಪ್ಪಿ ಕಳ್ಳನ ಮನೆಗೆ ಹೋದರೂ ಮುದ್ರೆ ಇಲ್ಲದ್ದನ್ನು ಕಂಡು ಫೋನು ವಾಪಸು ಬರುತ್ತಿತ್ತು. ‘ಬೀಗ ಒಡೆದ ವರ್ಷ’ದಲ್ಲಿ ಹೊಸ ಬಗೆಯ ಗಣಕಯಂತ್ರಗಳು ಹಳೆಯ ಮುದ್ರೆಗಳನ್ನೆಲ್ಲ ಮೂರೇ ತಿಂಗಳಲ್ಲಿ ನಕಲು ಮಾಡಿಬಿಟ್ಟವು. ಬ್ಯಾಂಕು, ಆಸ್ಪತ್ರೆ, ಕೋರ್ಟು ಎಲ್ಲದರ ಹೆಸರಿನಲ್ಲೂ ಕಳ್ಳರು ಅಂಗಡಿ ತೆರೆದರು. ಜನ ಫೋನನ್ನೇ ಮುಟ್ಟಲು ಹೆದರಿದರು. ಆಮೇಲೆ ಬಂದದ್ದು ಈ ಏರ್ಪಾಡು. ಜಿಲ್ಲೆಗೊಂದು ಹೆಸರಿನ ಪುಸ್ತಕ, ಅದಕ್ಕೊಂದು ಹೆಸರುಮನೆ. ಪುಸ್ತಕಕ್ಕೆ ಮೂರು ತಿಂಗಳಿಗೊಮ್ಮೆ ಹೊಸ ಮುದ್ರೆ. ಮುದ್ರೆ ಒತ್ತುವವರು ಚೀಟಿ ಎತ್ತಿ ಆರಿಸಿದ ಏಳು ಮಂದಿ ಸಾಮಾನ್ಯರು. ಒಬ್ಬೊಬ್ಬರಿಗೂ ಒಂದು ಕಾರ್ಡು, ಒಂದು ಗುಟ್ಟಿನ ಸಾಲು. ಏಳರಲ್ಲಿ ಐವರು ಸೇರಿದರೆ ಸಾಕು, ಮುದ್ರೆ ಬೀಳುತ್ತದೆ. ನಾಲ್ವರು ಸೇರಿದರೆ ಏನೂ ಆಗುವುದಿಲ್ಲ. ಹೆಸರುಮನೆಯ ಮುಖ್ಯಸ್ಥರಿಗೂ ಒಬ್ಬರೇ ಒಂದು ಅಕ್ಷರ ಬದಲಿಸುವ ಅಧಿಕಾರವಿಲ್ಲ. ಮಲಪ್ರಭೆಗೆ ನೆರೆ ಬಂದು ರಸ್ತೆಗಳು ಮುಳುಗಿದ ವರ್ಷ, ಬರಲಾಗದವರು ತಾಲೂಕಿನಿಂದಲೇ ತಂತಿಯ ಮೇಲೆ ಸಾಲು ಹೇಳಲಿ ಎಂದು ಒಂದು ದೂರದ ಬಾಗಿಲನ್ನೂ ತೆರೆದಿಟ್ಟರು. ಒಂದು ಸಲ ಒಪ್ಪಿಗೆಯಾದ ಸಾಲು ಆ ದಿನ ಮುಗಿಯುವವರೆಗೆ ಲೆಕ್ಕಕ್ಕೆ ಇರುತ್ತದೆ.

ಮೂರು ವರ್ಷದ ಹಿಂದೆ ಚೀಟಿಯಲ್ಲಿ ತನ್ನ ಹೆಸರು ಬಂದಾಗ ಕುಪ್ಪಸದ ಖಣ ನೇಯುವ ಮಗ್ಗದ ಮುಂದೆ ಕೂತಿದ್ದ ಕಸ್ತೂರೆವ್ವ ಇದು ಯಾರೋ ಮಾಡಿದ ಚೇಷ್ಟೆ ಎಂದುಕೊಂಡಿದ್ದಳು. ಹೆಸರುಮನೆಯ ಮುಖ್ಯಸ್ಥೆ ಶಂಶಾದ್ ಬಾಗವಾನ ತಾನೇ ಮನೆಗೆ ಬಂದು, ಚಹಾ ಕುಡಿದು, ತಿಳಿಸಿ ಹೇಳಿದಳು. ಮೂವತ್ತು ದಾಟಿದ, ಚುರುಕು ಕಣ್ಣಿನ ಹೆಣ್ಣುಮಗಳು. ಅವರದು ಬಾಗಲಕೋಟೆಯ ಹಳೆಯ ಹಣ್ಣಿನ ವ್ಯಾಪಾರದ ಮನೆತನ.

“ಅವ್ವಾರ, ನೀವು ಒಂದು ಸಾಲು ಆರಿಸ್ಕೋಬೇಕು. ಸತ್ರೂ ಮರೀಬಾರದು, ಸತ್ರೂ ಯಾರಿಗೂ ಹೇಳಬಾರದು. ಅಂಥಾದ್ದು,” ಎಂದಿದ್ದಳು ಶಂಶಾದ್.

ಕಸ್ತೂರೆವ್ವನಿಗೆ ಯೋಚಿಸುವ ಕೆಲಸವೇ ಬೀಳಲಿಲ್ಲ. ಅವಳ ಮದುವೆಯ ಒಡಪು ತಾನಾಗಿ ಬಾಯಿಗೆ ಬಂತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಯ ಉಡಿ ತುಂಬುವ ಕುಬಸದಲ್ಲಿ, ನಾಲ್ಕು ಮಂದಿ ಸೇರಿದಲ್ಲಿ ‘ಹೆಸರು ಹೇಳ’ ಎಂದು ಗಂಟುಬೀಳುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರಿಟ್ಟು ಹೇಳಬೇಕು. ಅದೇ ಒಡಪು. ಗಂಡ ಹೋದ ಮೇಲೆ ಯಾರೂ ಕೇಳುವುದಿಲ್ಲ. ಕೇಳಕೂಡದೆಂದು ಎಲ್ಲೂ ಬರೆದಿಟ್ಟಿಲ್ಲ, ಆದರೂ ಕೇಳುವುದಿಲ್ಲ. ಆ ಹೆಸರು ಹಾಗೇ ಗಂಟಲಿನಲ್ಲಿ ಉಳಿದುಬಿಡುತ್ತದೆ. ಕಸ್ತೂರೆವ್ವನ ಪಾಲಿಗೆ ಗಾಜಿನ ಕೋಣೆ ಆ ಗಂಟನ್ನು ಬಿಚ್ಚಿಕೊಟ್ಟಿತ್ತು.

ಈ ಸಲ ಸಾಲು ಹೇಳಿ ಹೊರಬಂದಾಗ ಶಂಶಾದ್ ದೊಡ್ಡ ಪರದೆಯ ಮುಂದೆ ಗಲ್ಲಕ್ಕೆ ಕೈಹಚ್ಚಿ ಕೂತಿದ್ದಳು. ಪರದೆಯ ತುಂಬ ಹಸಿರು ಗೆರೆಗಳು. ನಡುವೆ ಒಂದು ಕೆಂಪು ಗೆರೆ ಎತ್ತಲೋ ಹೊರಟಿತ್ತು.

“ಏನಾಗೇತಿ ಮಗಳ? ಮಾರಿ ಯಾಕ ಇಷ್ಟ ಸಣ್ಣದಾಗೇತಿ?” ಎಂದಳು ಕಸ್ತೂರೆವ್ವ.

“ಯಾರೋ ನಮ್ಮ ಆಸ್ಪತ್ರಿ ದಾರಿ ತಮ್ಮ ಮನಿ ಕಡೆ ತಿರಗಸ್ಯಾರ ಅವ್ವಾರ. ಬಾಗಲಕೋಟಿ ಆಸ್ಪತ್ರಿಗೆ ಹತ್ತರದ ಹಾದಿ ನಂದ ಅಂತ ಕೂಗಾಕತ್ತಾರ. ನೆರೆಮನಿ ಜಾಲಗೋಳು ನಂಬಿಬಿಟ್ಟಾವು. ಸರಿ ಮಾಡ್ರಪಾ ಅಂತ ಎಲ್ಲಾರಿಗೂ ಹೇಳಿ ಕಳಿಸೀನಿ, ಭಾಳ ದಿನಾ ಹಿಡೀತೈತಿ.”

“ಹಂಗಾರ ಮಂದಿ ಕಳ್ಳನ ಮನಿಗೆ ಹೊಂಟಾರೇನ?”

“ಬಾಗಲ ತನಕ ಹೋಗತಾರ. ಒಳಗ ಹೋಗಂಗಿಲ್ಲ. ಬಾಗಲದಾಗ ನಿಂತು ಫೋನು ಕೇಳತೈತಿ, ನೀ ಆಸ್ಪತ್ರಿನ ಹೌದಾದ್ರ ಮುದ್ರಿ ತೋರಸು ಅಂತ. ಮುದ್ರಿ ಅವನ ಕಡೆ ಇಲ್ಲ. ಫೋನು ಹೊಳ್ಳಿ ಬರತೈತಿ.” ಶಂಶಾದ್ ಕುರ್ಚಿ ಹತ್ತಿರ ಎಳೆದುಕೊಂಡಳು. “ನನ್ನ ಅಂಜಿಕಿ ಬ್ಯಾರೇದು. ನಮ್ಮ ಕಾರ್ಡು ಮಾಡಿದವರ ಕಡಿಂದ ಕಾರ್ಡಿನ ಒಳಗಿಂದೆಲ್ಲಾ ಕಳುವಾಗೇತಂತ. ಹೊಸಾ ಕಾರ್ಡು ಬರಾಕ ಒಂದು ತಿಂಗಳ ಬೇಕು. ದನಿ ನಕಲು ಮಾಡೂದಂತೂ ಈಗ ಮಕ್ಕಳಾಟ. ಇನ್ನ ಕಾವಲಿಗೆ ಉಳಿದಿದ್ದು ನಿಮ್ಮ ಏಳು ಮಂದಿ ಸಾಲು ಅಷ್ಟ.”

“ನಂದೇನ ಚಿಂತಿ ಮಾಡಬ್ಯಾಡ. ಯಮ ಬಂದು ಕೇಳಿದ್ರೂ ಬಾಯಿ ಬಿಡಂಗಿಲ್ಲ,” ಎಂದಳು ಕಸ್ತೂರೆವ್ವ. ಮನಸ್ಸಿನಿಂದಲೇ ಅಂದಳು.

ಅದಾದ ಹನ್ನೆರಡನೆಯ ದಿನಕ್ಕೆ ಅವಳ ಸೊಸೆ ಶ್ರಾವಣಿಯ ಕುಬಸ.

ಶ್ರಾವಣಿಗೆ ಏಳು ತಿಂಗಳು. ಒಮ್ಮೆ ರಕ್ತದೊತ್ತಡ ಏರಿ ಎಲ್ಲರಿಗೂ ದಿಗಿಲು ಹುಟ್ಟಿಸಿದ್ದಳು. ಅಂದಿನಿಂದ ಅವಳ ಕೈಪಟ್ಟಿ ದಿನಕ್ಕೆರಡು ಸಲ ಜಿಲ್ಲಾ ಆಸ್ಪತ್ರೆಗೆ ಸುದ್ದಿ ಕಳಿಸುತ್ತದೆ. ಎಷ್ಟು ಗುಳಿಗೆ ನುಂಗಬೇಕೆಂದು ಆಸ್ಪತ್ರೆ ತಿರುಗಿ ಹೇಳುತ್ತದೆ. ಕುಬಸಕ್ಕೆ ಕಸ್ತೂರೆವ್ವ ತಾನೇ ನೇಯ್ದ ಹಸಿರು ಖಣ ತೆಗೆದಿಟ್ಟಿದ್ದಳು. ಪಡಸಾಲೆಯ ತುಂಬ ಹೆಂಗಸರು, ಬಳೆಗಳ ಸದ್ದು, ಹೋಳಿಗೆಯ ಕಂಪು. ಕಸ್ತೂರೆವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನೀವೂ ಬಂದು ಉಡಿ ತುಂಬ್ರಿ ಅತ್ತಿ ಎಂದು ಶ್ರಾವಣಿ ಎರಡು ಸಲ ಕರೆದಿದ್ದಳು. ಅಲ್ಲಿಂದಲೇ ಎಲ್ಲ ಕಾಣತೈತಿ ಎಂದು ಕಸ್ತೂರೆವ್ವ ಜಾರಿಕೊಂಡಿದ್ದಳು.

ಆಗ ಮಗ ಸಂಗಮೇಶ ಗೋಡೆಯ ಪರದೆ ಹಚ್ಚಿದ. “ಅವ್ವಾ, ಇಲ್ಲೆ ನೋಡ. ನಿನಗಂತ ಮಾಡಿಸೀನಿ.”

ಮೂವತ್ತೆಂಟು ವರ್ಷದ ಹಿಂದಿನ ಅವಳ ಮದುವೆಯ ವಿಡಿಯೋ ಚಿತ್ರ. ಹಳೆಯ ಪೆನ್‌ಡ್ರೈವಿನಲ್ಲಿ ಹಾಳಾಗಿ ಬಿದ್ದಿದ್ದನ್ನು ಎಲ್ಲೋ ಕೊಟ್ಟು ಸರಿಮಾಡಿಸಿದ್ದ. ಇಪ್ಪತ್ತೆರಡರ ಕಸ್ತೂರಿ ಬಾಸಿಂಗದ ಕೆಳಗೆ ನಗು ತಡೆದುಕೊಂಡು ಕೂತಿದ್ದಳು. ಪಕ್ಕದಲ್ಲಿ ಮೀಸೆ ಚಿಗುರಿದ ಗಂಡ, ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಪೇಟದ ತುದಿ ನೋಡುತ್ತಿದ್ದ. ಹೆಸರು ಹೇಳ, ಹೆಸರು ಹೇಳ ಎಂದು ಹೆಂಗಸರ ಗದ್ದಲ. ಹುಡುಗಿ ತಲೆ ಎತ್ತಿ ಗಂಟೆಯಂಥ ದನಿಯಲ್ಲಿ ಹೇಳಿದಳು.

“ಮಗ್ಗದಾಗ ಓಡತೈತಿ ಕರಿಮರದ ಲಾಳಿ,
ಮುರಿಗೆಪ್ಪನವರು ಕಟ್ಯಾರ ನನಗ ಎಂಟು ಗುಂಡಿನ ತಾಳಿ.”

ಪಡಸಾಲೆಯ ಹೆಂಗಸರೆಲ್ಲ ಹೋ ಎಂದು ನಕ್ಕರು. ಕಸ್ತೂರೆವ್ವನ ಕಣ್ಣು ತುಂಬಿದವು. ಎಷ್ಟು ವರ್ಷವಾಗಿತ್ತು ಆ ಪೇಟ, ಆ ಮೀಸೆ ನೋಡಿ. ಒಂದು ಗಳಿಗೆ ಅವಳಿಗೆ ಬೇರೇನೂ ತೋಚಲಿಲ್ಲ. ಮರುಗಳಿಗೆ ಗಾಜಿನ ಕೋಣೆಯ ಸಾಲು ನೆನಪಾಯಿತು.

“ಸಂಗಮೇಶ, ಇದನ್ನ ಎಲ್ಲೆರ ಹಾಕೀಯೇನ?”

“ಎಲ್ಲಾರೂ ನೋಡ್ಲಿ ಅಂತ ಹೋದ ತಿಂಗಳ ಹಾಕೀನಿ. ಹನ್ನೊಂದು ಸಾವಿರ ಮಂದಿ ನೋಡ್ಯಾರವ್ವಾ,” ಎಂದ ಸಂಗಮೇಶ ಹೆಮ್ಮೆಯಿಂದ.

ಕಸ್ತೂರೆವ್ವ ಒಳಗೆ ಹೋಗಿ ಹೋಳಿಗೆಯ ಬುಟ್ಟಿಯ ಪಕ್ಕ ಕೂತುಬಿಟ್ಟಳು. ಅವಳೇನು ದಡ್ಡಿಯಲ್ಲ. ಒಡಪನ್ನು ಮದುವೆಯಲ್ಲಿ ನೂರು ಮಂದಿ ಕೇಳಿದ್ದರೆಂಬುದು ಅವಳಿಗೆ ಗೊತ್ತಿತ್ತು. ಆದರೆ ಆ ನೂರು ಮಂದಿಯಲ್ಲಿ ಅರ್ಧ ಜನ ಮಣ್ಣು ಸೇರಿದ್ದರು, ಉಳಿದವರಿಗೆ ತಮ್ಮ ತಮ್ಮ ಒಡಪೇ ನೆನಪಿರಲಿಲ್ಲ. ಹೆಂಗಸರ ನಡುವೆ ನಗುತ್ತ ಆಡಿದ ಮಾತು ಲೋಕಕ್ಕೆ ಮುಟ್ಟುತ್ತದೆಂದು ಯಾರು ತಾನೇ ಎಣಿಸುತ್ತಾರೆ?

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೊಸ ಕಾರ್ಡು ಬರಲು ಇನ್ನು ಹದಿನೆಂಟೇ ದಿನ. ಆ ವಿಚಾರ ಬಂತು, ಬಂದದ್ದು ಹೋಗಲೂ ಇಲ್ಲ. ಶಂಶಾದಳಿಗೆ ಹೇಳಿದರೆ ಅವಳು ಆ ಸಾಲನ್ನು ರದ್ದು ಮಾಡುತ್ತಾಳೆ, ಯಾವುದೋ ಅಂಕಿಯ ಸರಮಾಲೆ ಕೈಗೆ ಕೊಡುತ್ತಾಳೆ. ಅಲ್ಲಿಗೆ ಮುರಿಗೆಪ್ಪನ ಹೆಸರು ಅವಳ ಬಾಯಿಂದ ಶಾಶ್ವತವಾಗಿ ಹೋಯಿತು. ಮನುಷ್ಯ ಒಂದು ಸಲ ಸತ್ತಿದ್ದ, ಈಗ ತನ್ನ ಕೈಯಾರೆ ಇನ್ನೊಂದು ಸಲ ಸಾಯಿಸಬೇಕೇ?

ಶ್ರಾವಣಿ ಹಸಿರು ಖಣ ತೊಟ್ಟು, ಕೈತುಂಬ ಬಳೆ ಇಟ್ಟುಕೊಂಡು ಒಳಗೆ ಬಂದಳು. “ಅತ್ತಿ, ಇವತ್ತೂ ಆಸ್ಪತ್ರಿ ಸಿಗವಲ್ದು. ಮುದ್ರಿ ಇಲ್ಲಂತ ಕೈಪಟ್ಟಿ ಹೊಳ್ಳಿ ಬಂತು. ಆಮ್ಯಾಲ ಸಿಗತೈತೇನೋ.”

ಕಸ್ತೂರೆವ್ವ ಸೊಸೆಯ ಹೊಟ್ಟೆ ನೋಡಿದಳು. ಇವತ್ತು ಕೈಪಟ್ಟಿ ಕಳ್ಳನ ಬಾಗಿಲಿಂದ ವಾಪಸು ಬಂದಿತ್ತು. ನಾಳೆ ಅವನ ಕೈಗೆ ಮುದ್ರೆ ಸಿಕ್ಕರೆ ಅದು ವಾಪಸು ಬರುವುದಿಲ್ಲ. ಒಳಗೆ ಹೋಗುತ್ತದೆ, ಅವನು ಹೇಳಿದಷ್ಟು ಗುಳಿಗೆಯನ್ನು ಈ ಹುಡುಗಿ ನುಂಗುತ್ತಾಳೆ.

“ಆಸ್ಪತ್ರಿ ಸಿಗೂ ತನಕ ಗುಳಗಿ ಮೊದಲು ಹೇಳಿದಷ್ಟ ತಗೋ. ಫೋನು ಏನ ಹೇಳಿದ್ರೂ ಬದಲಿ ಮಾಡಬ್ಯಾಡ,” ಎಂದಳು. ಸಂಗಮೇಶನನ್ನು ಕರೆದು ಚಿತ್ರ ತೆಗೆಸಿಹಾಕಿದಳು. ಯಾಕೆಂದು ಹೇಳಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋದಳು.

ಶಂಶಾದ್ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಸ್ತೂರೆವ್ವ ಕಾದಳು. ಅವಳು ಬೈಯಲಿಲ್ಲ.

“ತಪ್ಪು ನಂದ ಅವ್ವಾರ. ಸತ್ರೂ ಮರೀಬಾರದು ಅಂದೆ. ನಮ್ಮ ಕಡೆ ಮಂದಿ ಸತ್ರೂ ಮರೀಲಾರದ್ದು ಯಾವುದು ಅಂತ ನಾನ ವಿಚಾರ ಮಾಡಬೇಕಿತ್ತು.” ಅಷ್ಟು ಹೇಳಿದವಳು ಥಟ್ಟನೆ ತಲೆ ಎತ್ತಿದಳು. “ಉಳಿದ ಆರು ಮಂದಿ?”

ಆರೂ ಮಂದಿಯನ್ನು ಮಧ್ಯಾಹ್ನದೊಳಗೆ ಕರೆಸಿದಳು. ಸಾಲನ್ನು ಯಾರೂ ಹೇಳಬಾರದು, ಒಡಪು ಇಟ್ಟುಕೊಂಡವರು ಸುಮ್ಮನೆ ಕೈ ಎತ್ತಿ ಎಂದಳು. ಕಸ್ತೂರೆವ್ವ ಎತ್ತಿದಳು. ಎಪ್ಪತ್ತೆಂಟರ ಹುಚ್ಚವ್ವ, ತಲೆತುಂಬ ಹೂವು ಮುಡಿದ ಗಟ್ಟಿ ಮುದುಕಿ, ಇನ್ನೇನ ಇಡಬೇಕಿತ್ತವ್ವ ಎನ್ನುತ್ತ ಎತ್ತಿದಳು. ಮತ್ತಿಬ್ಬರು ಹೆಂಗಸರು ಎತ್ತಿದರು. ಕೊನೆಗೆ ನಿವೃತ್ತ ಬಸ್ ಕಂಡಕ್ಟರ್ ಯಮನೂರಪ್ಪ ಮೇಲೆ ನೋಡುತ್ತ, ಕೆಮ್ಮುತ್ತ, ಬೆರಳು ಮಾತ್ರ ಎತ್ತಿದ.

“ನೀವೂ ಏನ್ರಿ?” ಎಂದಳು ಶಂಶಾದ್.

“ಮದವ್ಯಾಗ ನಮಗೂ ಹೇಳಸ್ತಾರಲ್ಲವಾ. ನನ್ನ ಹೇಣ್ತಿ ಹೆಸರು ಭಾಳ ಛಂದ ಕುಂತಿತ್ತು ಅದರಾಗ,” ಎಂದ ಯಮನೂರಪ್ಪ.

ಐದು ಕೈ. ಏಳರಲ್ಲಿ ಐದು. ನಗಬೇಕೋ ಅಳಬೇಕೋ ತಿಳಿಯದೆ ಶಂಶಾದ್ ಪರದೆಯ ಕಡೆ ತಿರುಗಿದಳು. ತಿರುಗಿದವಳ ಮುಖ ಬಿಳಿಚಿತು.

ದೂರದ ಬಾಗಿಲಿನಲ್ಲಿ ಬೆಳಗಿನಿಂದ ಯಾರೋ ಸಾಲುಗಳನ್ನು ಹೇಳುತ್ತಿದ್ದರು. ಮನುಷ್ಯರಲ್ಲ, ಯಂತ್ರ. ಜಿಲ್ಲೆಯ ಮದುವೆ, ಕುಬಸಗಳ ಸಾವಿರಾರು ಚಿತ್ರಗಳಿಂದ ಒಡಪುಗಳನ್ನು ಹೆಕ್ಕಿ, ಒಂದೊಂದಾಗಿ ಹೇಳಿ ನೋಡುತ್ತಿತ್ತು. ಗಂಟೆಗೆ ಇಷ್ಟೇ ಸಲ ಎಂಬ ಮಿತಿ ಇದ್ದುದರಿಂದ ನಿಧಾನವಾಗಿತ್ತು, ಅಷ್ಟೇ. ಎರಡು ಸಾಲು ಈಗಾಗಲೇ ಸರಿಯಾಗಿ ಬಂದಿದ್ದವು.

“ಆ ಬಾಗಲಾ ಮುಚ್ಚಿಬಿಡ,” ಎಂದಳು ಹುಚ್ಚವ್ವ.

“ನನ್ನ ಕೈಯಾಗ ಇಲ್ಲ ಅಮ್ಮಾರ. ಅದಕ್ಕೂ ನಿಮ್ಮ ಐದು ಮಂದಿ ಸಾಲು ಬೇಕು, ಹೇಳಿದ್ರೂ ಅದು ಮುಚ್ಚೂದು ನಾಳಿಗೆ. ಅದರಕಿಂತ ಎಲ್ಲಾ ಸಾಲೂ ಒಮ್ಮೆಲೆ ಬದಲ ಮಾಡಿದ್ರ ಅವನು ಎಷ್ಟ ಬಡಕೊಂಡ್ರೂ ಏನೂ ಸಿಗಂಗಿಲ್ಲ. ಅವನಿಗೆ ಐದು ಸಿಗೋದರಾಗ ನಿಮಗ ಹೊಸಾ ಸಾಲು ಬಾಯಿಗೆ ಬರಬೇಕು.”

ಯಂತ್ರದಿಂದ ಒಬ್ಬೊಬ್ಬರಿಗೂ ಆರು ಪದಗಳ ಚೀಟಿ ತೆಗೆದುಕೊಟ್ಟಳು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಯಾವ ಚಿತ್ರದಲ್ಲೂ ಇಲ್ಲದ, ಯಾರೂ ಊಹಿಸಲಾಗದ ಪದಗಳು ಎಂದಳು. ಇದೇ ನಿಜವಾದ ಗುಟ್ಟು, ಬಾಯಿಪಾಠ ಮಾಡಿ ಚೀಟಿ ಹರಿದುಹಾಕಿ ಎಂದಳು. ಎಲ್ಲರೂ ಗೋಡೆಗೆ ಮುಖ ಮಾಡಿ ಮಣಮಣ ಎನ್ನತೊಡಗಿದರು. ಚಹಾ ಬಂತು. ಚಹಾ ಕುಡಿಯುವಷ್ಟರಲ್ಲಿ ಯಮನೂರಪ್ಪನಿಗೆ ಎರಡು ಪದ ಹೋಗಿದ್ದವು. ಹುಚ್ಚವ್ವನಿಗೆ ಆರೂ ಹೋಗಿದ್ದವು. ಕಸ್ತೂರೆವ್ವನಿಗೆ ಪದಗಳೇನೋ ಇದ್ದವು, ಯಾವುದರ ಹಿಂದೆ ಯಾವುದು ಎಂಬುದು ಕಲಸಿಹೋಗಿತ್ತು.

ಪರದೆಯಲ್ಲಿ ಕಳ್ಳನ ಮೂರನೆಯ ಸಾಲು ಸರಿಯಾಯಿತು. ಶಂಶಾದ್ ತಲೆಯ ಮೇಲೆ ಕೈಹೊತ್ತಳು.

ಕಸ್ತೂರೆವ್ವ ಚಹಾದ ಲೋಟ ಕೆಳಗಿಟ್ಟಳು. “ಮಗಳ, ನೀ ಪದಾ ಕೊಡೂದು ಬರೋಬ್ಬರಿ ಐತಿ. ಅವನ್ನ ಬಿಡಿಬಿಡಿ ಕೊಟ್ರ ನಮ್ಮ ತಲ್ಯಾಗ ನಿಂದರಂಗಿಲ್ಲ. ಒಡಪ ಅಂದ್ರ ಏನಂತ ತಿಳಿದೀ? ಬಾಯಿಪಾಠ ಮಾಡಿ ಒಪ್ಪಸೂದಲ್ಲ. ನಮ್ಮವ್ವನ ಕಾಲದಾಗ ಕೂಡಿದ ಹೆಣಮಕ್ಕಳು ಕಣ್ಣಿಗೆ ಬಿದ್ದದ್ದು ಒಗೀತಿದ್ರು. ತಂಬಿಗಿ ಮ್ಯಾಲ ಹೇಳ, ಕಂದೀಲ ಮ್ಯಾಲ ಹೇಳ ಅಂತ. ನಿಂತ ನಿಲುವಿನಾಗ ಅದನ್ನ ಹೆಸರಿಗೆ ಕಟ್ಟಬೇಕಿತ್ತು. ಹಂಗ ಕಟ್ಟಿದ್ದು ಹೋಗಂದ್ರೂ ಹೋಗಂಗಿಲ್ಲ.”

“ಪದಾ ಯಂತ್ರದ್ದು, ಪ್ರಾಸ ನಿಮ್ಮದು,” ಎಂದಳು ಶಂಶಾದ್ ಮೆಲ್ಲಗೆ. ಕಣ್ಣು ಚುರುಕಾದವು. “ಪದಾ ಯಾರಿಗೂ ಗೊತ್ತಿಲ್ಲ ಅಂದ್ರ ಸಾಕು, ಗುಟ್ಟು ಗಟ್ಟಿ ಇರತೈತಿ. ಹೆಸರು ಎಲ್ಲಾರಿಗೂ ಗೊತ್ತಿದ್ರೂ ನಡೀತೈತಿ. ಇಟ್ಕೊಳ್ರಿ, ನಾ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಆದ್ರ ಅಷ್ಟ ಲಗೂನ ಕಟ್ಟಾಕ ಆಗತೈತೇನು? ಒಂದು ಮಾಡಿ ತೋರಸ್ರಿ. ಸುಳ್ಳ ಪದಾ ಕೊಡತೀನಿ, ಆಮ್ಯಾಲ ಒಗದುಬಿಡೂಣ. ಏಣಿ, ಕಿಟಕಿ, ಉಪ್ಪು.”

ಎಲ್ಲರೂ ಕಸ್ತೂರೆವ್ವನ ಕಡೆ ತಿರುಗಿದರು. ಅವಳ ಬೋಳು ಕೈ, ಬರಿದಾದ ಕೊರಳು ಅವರಿಗೆ ಆಗಷ್ಟೇ ಕಂಡಂತಿತ್ತು. ಹೆಸರನ್ನು ತಾನಾಗಿ ಹೇಳುವ ಪದ್ಧತಿ ಇಲ್ಲ, ಯಾರಾದರೂ ಕೇಳಬೇಕು. ಕೇಳುವವರು ಯಾರು? ಕಸ್ತೂರೆವ್ವ ನೆಲ ನೋಡುತ್ತ ಕೂತಳು.

ಹುಚ್ಚವ್ವ ಕುರ್ಚಿಯಿಂದ ಎದ್ದು ಬಂದು ಅವಳ ಎದುರು ನಿಂತಳು. ಗದರುವಂತೆ ಸೊಂಟದ ಮೇಲೆ ಕೈಯಿಟ್ಟಳು.

“ಕಸ್ತೂರಿ, ಹೆಸರು ಹೇಳ.”

ಒಂಬತ್ತು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಕಸ್ತೂರೆವ್ವನಿಗೆ ಮೊದಲು ಅಳು ಬಂತು, ಅದನ್ನು ನುಂಗಿಕೊಂಡಳು. ತುಟಿ ಒಂದೆರಡು ಸಲ ಆಡಿದವು. ಸೆರಗು ಅಡ್ಡ ಹಿಡಿಯಲಿಲ್ಲ.

“ಏಣಿ ಹತ್ತಿ ನೋಡೇನಿ, ಕಿಟಕ್ಯಾಗ ಬೆಳಕಿಲ್ಲ,
ಮುರಿಗೆಪ್ಪನವರು ಹೋದಮ್ಯಾಲ ಉಪ್ಪಿಗೂ ರುಚಿಯಿಲ್ಲ.”

ಯಮನೂರಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಹುಚ್ಚವ್ವ ಮಾತ್ರ ಕೈ ಇಳಿಸಲಿಲ್ಲ.

“ಇಂಥಾ ಅಳೂದು ನಾ ಒಪ್ಪಂಗಿಲ್ಲ. ಇನ್ನೊಂದು ಹೇಳ. ಬೆಕ್ಕು, ಛತ್ರಿ.”

ಈ ಸಲ ಕಸ್ತೂರೆವ್ವ ತಡಮಾಡಲೇ ಇಲ್ಲ.

“ಛತ್ರಿ ಬಿಚ್ಚಿ ಕುಂತೈತಿ ಕಟ್ಟಿ ಮ್ಯಾಲಿನ ಬೆಕ್ಕು,
ಮುರಿಗೆಪ್ಪನವರು ಕಂಡಿದ್ರ ಬೀಳತಿದ್ರು ನಕ್ಕು ನಕ್ಕು.”

ನಗು ಒಡೆಯಿತು. ಶಂಶಾದ್ ಕೂಡ ನಕ್ಕಳು, ನಗುತ್ತಲೇ ಹೊಸ ಚೀಟಿ ತೆಗೆಯತೊಡಗಿದಳು. ಆಮೇಲಿನ ಒಂದು ಗಂಟೆ ಹೆಸರುಮನೆ ಎಂಬುದು ಮದುವೆಮನೆಯಾಯಿತು. ಒಬ್ಬೊಬ್ಬರೂ ತಮ್ಮ ಆರು ಪದ ಹಿಡಿದು ಒಂದೊಂದು ಮೂಲೆ ಸೇರಿದರು. ಪಿಸುಗುಟ್ಟಿದರು, ಬೆರಳು ಮಡಿಚಿದರು, ತಮ್ಮಷ್ಟಕ್ಕೇ ನಕ್ಕರು. ಒಡಪು ಇಟ್ಟುಕೊಳ್ಳದಿದ್ದ ಇಬ್ಬರು ಗಂಡಸರಿಗೂ ಹುರುಪು ಬಂದು ತಾವೂ ಹೆಂಡತಿಯ ಹೆಸರು ಕಟ್ಟಿದರು. ನಾಲ್ಕನೆಯ ಸಾಲು ಕಳ್ಳನಿಗೆ ಸಿಕ್ಕಿದಾಗ ಶಂಶಾದ್ ಗಾಜಿನ ಕೋಣೆಯ ಬಾಗಿಲು ತೆರೆದು ಹಿಡಿದಳು.

ಏಳು ಮಂದಿ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಮೊದಲು ಹಳೆಯ ಸಾಲು, ಅದರ ಹಿಂದೆಯೇ ಹೊಸದು, ಹೊಸದನ್ನು ಇನ್ನೆರಡು ಸಲ. ಏಳೂ ಸಲ ಹಸಿರು ದೀಪ ಹೊತ್ತಿತು. ಕಸ್ತೂರೆವ್ವ ಕೊನೆಯವಳು. ಹಳೆಯದನ್ನು ಅವಳು ಕೊನೆಯ ಸಲವೆಂದು ನಿಧಾನವಾಗಿ ಹೇಳಿದಳು, ಹೊಸದನ್ನು ಸರಸರನೆ. ಅವಳು ಒಳಗೆ ಏನು ಕಟ್ಟಿದಳೆಂಬುದನ್ನು ಮಾತ್ರ ನನ್ನನ್ನು ಕೇಳಬೇಡಿ, ಅದು ಯಾರಿಗೂ ಗೊತ್ತಿಲ್ಲ. ಹೊರಬರುವಾಗ ಅವಳ ಮುಖದ ಮೇಲೆ ನಗುವಿತ್ತು. ಹುಚ್ಚವ್ವ ಅದನ್ನು ಕಂಡು, ಏನೋ ತುಂಟತನದ್ದ ಇರಬೇಕು ಎಂದು ಎಲ್ಲರಿಗೂ ಕೇಳುವಂತೆ ಅಂದಳು.

ಪುಸ್ತಕಕ್ಕೆ ಹೊಸ ಮುದ್ರೆ ಬಿತ್ತು. ಹಳೆಯ ಏಳೂ ಸಾಲು ರದ್ದಾದವು. ಕಳ್ಳ ಕೂಡಿಟ್ಟುಕೊಂಡ ನಾಲ್ಕಕ್ಕೆ ಬೆಲೆಯಿಲ್ಲದಂತಾಯಿತು. ಅದು ಅವನ ಯಂತ್ರಕ್ಕೆ ತಿಳಿಯಲಿಲ್ಲ, ಪಾಪ, ಅದು ಹುಡುಕುತ್ತಲೇ ಇತ್ತು. ಸಂಜೆಯ ಹೊತ್ತಿಗೆ ದಾರಿಯ ಸುದ್ದಿಯೂ ಬಂತು. ನೆರೆಯ ದೊಡ್ಡ ಜಾಲಗಳು ಶಂಶಾದಳ ದೂರನ್ನು ಪರೀಕ್ಷಿಸಿ ಸುಳ್ಳು ಕೂಗನ್ನು ತಳ್ಳಿಹಾಕಿದ್ದವು. ಪರದೆಯ ಕೆಂಪು ಗೆರೆ ಹಸಿರಾಯಿತು. ಶ್ರಾವಣಿ ಫೋನು ಮಾಡಿದಳು.

“ಅತ್ತಿ, ಆಸ್ಪತ್ರಿ ಸಿಕ್ತು. ಬಿಪಿ ಸರಿ ಐತಂತ, ಗುಳಗಿ ಅಷ್ಟ ಮುಂದವರಸ ಅಂದಾರ. ನೀವು ಎಲ್ಲಿದ್ದೀರಿ? ಊಟಾ ಮಾಡೀರಿಲ್ಲೋ?”

“ಮಾಡೀನವ್ವಾ, ಬರತೀನಿ,” ಎಂದಳು ಕಸ್ತೂರೆವ್ವ. ಊಟ ಮಾಡಿರಲಿಲ್ಲ. ಹಸಿವೆಯ ನೆನಪೂ ಆಗಿರಲಿಲ್ಲ.

ಉಳಿದವರು ಬಸ್ಸಿಗೆಂದು ಚೀಲ ಎತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಶಂಶಾದ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು.

“ಅವ್ವಾರ, ಬಂದಾನ. ಐದನೇದ್ದು ಹುಡಿಕ್ಯಾನ. ನಿಮ್ಮ ಹಳೇ ಸಾಲು.” ಸ್ವಲ್ಪ ತಡೆದು ಹೇಳಿದಳು, “ನಿಮ್ಮ ದನೀಲೇ ಬಂದಾನ.”

“ಕೇಳಸ.”

“ಬ್ಯಾಡ ಅವ್ವಾರ.”

“ಕೇಳಸ ಮಗಳ. ನನ್ನ ದನಿ ನಾ ಕೇಳಬಾರದೇನ?”

ಶಂಶಾದ್ ಗುಂಡಿ ಒತ್ತಿದಳು. ಇಪ್ಪತ್ತೆರಡರ ಹುಡುಗಿಯ ದನಿ ಹೆಸರುಮನೆಯ ತುಂಬ ಹರಡಿತು, ಗಂಟೆಯಂಥ ದನಿ. ಕರಿಮರದ ಲಾಳಿ, ಮುರಿಗೆಪ್ಪನವರು, ಎಂಟು ಗುಂಡಿನ ತಾಳಿ. ಒಂದಕ್ಷರ ತಪ್ಪಿರಲಿಲ್ಲ. ಕಸ್ತೂರೆವ್ವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ದೂರದ ಬಾಗಿಲಿನ ಮೇಲೆ ಕೆಂಪು ದೀಪ ಹೊತ್ತಿತು. ತಪ್ಪು ಸಾಲು, ಮತ್ತೊಮ್ಮೆ ಹೇಳಿ ಎಂದಿತು ಯಂತ್ರ. ಹುಡುಗಿ ಮತ್ತೊಮ್ಮೆ ಹೇಳಿದಳು, ಅದೇ ನಗು ತಡೆದ ದನಿಯಲ್ಲಿ. ಮತ್ತೆ ಕೆಂಪು.

ಎಲ್ಲರೂ ಕಸ್ತೂರೆವ್ವನ ಮುಖ ನೋಡಿದರು. ಅವಳು ಕಣ್ಣು ತೆರೆದು ಸೆರಗಿನಿಂದ ಒರೆಸಿಕೊಂಡಳು, ಚೀಲ ಹೆಗಲಿಗೇರಿಸಿದಳು.

“ಪಾಪ, ಛಂದ ಹೇಳತಾಳ,” ಎಂದಳು. “ಆದ್ರ ಒಳಗ ಬಿಡಬ್ಯಾಡ ಮಗಳ.”